ಆಕಿ ಬಾಜೂಕ ಯಾರು ಕುಂತಿದ್ರು?

ಕಲಬುರಗಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಸಂಶೋಧನಾ ವಿದ್ಯಾರ್ಥಿಗಳು ಕರಡು ತಂದು ಮೇಜಿನ ಮೇಲಿಟ್ಟಾಗಲೆಲ್ಲ ನನ್ನ ಪಿಎಚ್.ಡಿ.ಯ ಮೊದಲ ಕರಡು ನೆನಪಾಗಿ ಮುಜುಗರವಾಗುತ್ತದೆ.

ನನ್ನ ವಿಷಯ ಗುಳೆ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಗಂಡಸರು ಬೆಂಗಳೂರು, ಪುಣೆಗೆ ಕಟ್ಟಡ ಕೆಲಸಕ್ಕೆ ಹೋದ ಮನೆಗಳ ಹೆಂಗಸರನ್ನು ಮಾತಾಡಿಸುತ್ತಿದ್ದೆ. ಮೊಬೈಲಿನಲ್ಲಿ ಎಲ್ಲ ರೆಕಾರ್ಡ್ ಆಗುತ್ತಿತ್ತು. ಬರೆಯೋದು ಆಮೇಲೆ ಇದ್ದೇ ಇದೆ ಅಂತ ಎರಡು ತಿಂಗಳು ಬರೀ ತಿರುಗಾಡಿದೆ. 26 ಸಂದರ್ಶನ ಆದವು. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬರೆಯಲು ಕೂತರೆ ಒಂದು ತಾಸಿನ ಮಾತಿಗೆ ಆರೇಳು ತಾಸು ಬೇಕಾಯಿತು. ಹಾಳೆಗಳ ಕಟ್ಟು ನೋಡಿ ನನಗೇ ಹೆಮ್ಮೆ.

ಗೈಡ್ ಸರ್ ನಡುವಿನ ಒಂದು ಪುಟ ತೆಗೆದರು. 'ಮನಿಗಿ ರೊಕ್ಕ ಕಳಸ್ತಾರೇನ್ರಿ?' ಅನ್ನೋದು ನನ್ನ ಪ್ರಶ್ನೆ. 'ಹ್ಞೂಂ, ಕಳಸ್ತಾರ್ರಿ. ಎಲ್ಲಾ ಛಲೋ ಅದ' ಅನ್ನೋದು ಆಕೆಯ ಉತ್ತರ. ಅದರ ಕೆಳಗೆ ನಾನು 'ಕುಟುಂಬದ ಆರ್ಥಿಕ ಸ್ಥಿತಿ ಸುಧಾರಿಸಿದೆ' ಎಂದು ಬರೆದುಬಿಟ್ಟಿದ್ದೆ.

'ಇಷ್ಟೆಲ್ಲ ಬರ್ದೀಯಲ್ಲವಾ, ಆಕಿ ಬಾಜೂಕ ಯಾರು ಕುಂತಿದ್ರು?' ಅಂದರು.

ನೆನಪಿಲ್ಲ. ಕಟ್ಟೆಯ ಮೇಲೋ, ಒಳಗೋ, ಯಾವ ಹೊತ್ತಿನಲ್ಲಿ ಮಾತಾಡಿದೆವು ಅನ್ನೋದೂ ನೆನಪಿಲ್ಲ. ರಾತ್ರಿ ರೆಕಾರ್ಡಿಂಗ್ ಮತ್ತೆ ಹಾಕಿದೆ. ನಾನು ರೊಕ್ಕ ಅಂದ ಕೂಡಲೇ ಹತ್ತಿರದಲ್ಲೇ ಯಾರೋ ಕೆಮ್ಮುತ್ತಾರೆ. ಆಕೆ ಸ್ವಲ್ಪ ತಡೆದು 'ಹ್ಞೂಂ' ಅನ್ನುತ್ತಾಳೆ. ಸಾಲದ ಮಾತು ಬಂದಾಗ ಮತ್ತೆ ಅದೇ ಕೆಮ್ಮು. ನನ್ನ ಬರಹದಲ್ಲಿ ಕೆಮ್ಮೂ ಇರಲಿಲ್ಲ, ಆ ತಡೆಯೂ ಇರಲಿಲ್ಲ.

ಮರುವಾರದಿಂದ ಯಾದಗಿರಿ ಬಸ್ ಸ್ಟ್ಯಾಂಡೇ ನನ್ನ ಬರವಣಿಗೆಯ ಕೋಣೆಯಾಯಿತು. ಹಳ್ಳಿಯಿಂದ ಬಂದು, ಕಲಬುರಗಿ ಬಸ್ ಹತ್ತುವ ಮುಂಚೆ, ಒಂದು ಚಹಾ ಹೇಳಿ ನೋಟ್‌ಬುಕ್ ತೆಗೆಯುತ್ತಿದ್ದೆ. ಎಡಗಡೆ ಪುಟಕ್ಕೆ ಕಂಡದ್ದು, ಕೇಳಿದ್ದು ಮಾತ್ರ. ನನಗೆ ಅನ್ನಿಸಿದ್ದೆಲ್ಲ ಬಲಗಡೆಗೆ. 'ಅತ್ತೆ ಬಾಗಿಲ ಹತ್ತಿರ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು' ಎಡಗಡೆ. 'ಅತ್ತೆಗೆ ಹೆದರಿದಳೇ?' ಬಲಗಡೆ, ಅದೂ ಪ್ರಶ್ನೆಚಿಹ್ನೆ ಹಾಕಿ. ದಣಿದ ದಿನ ನಾಲ್ಕೇ ಸಾಲು, ಆದರೆ ನಿದ್ದೆಗೆ ಮುಂಚೆ. ಒಂದು ರಾತ್ರಿ ಕಳೆದರೆ ನೆನಪು ತನಗೆ ಬೇಕಾದಂತೆ ಕಥೆ ಕಟ್ಟಿಬಿಡುತ್ತದೆ.

ಅಂದಂದೇ ಬರೆಯಿರಿ ಅಂದರೆ ವಿದ್ಯಾರ್ಥಿಗಳು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ತಂದು ಎದುರಿಗೆ ನಿಲ್ಲಿಸುತ್ತಾರೆ. ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. 'ನೋಡ್ರಿ ಮೇಡಂ, ನೆನಪಿನಾಗೇ ಬರದ್ರಲ್ಲ!' ಹೌದಪ್ಪ, ಆದರೆ ವರ್ಷಗಟ್ಟಲೆ ಬರೆದು, ತಿದ್ದಿ, ಮತ್ತೆ ಬರೆದ ಮನುಷ್ಯನ ನೆನಪದು. ನಮ್ಮದು ಫೋನಿಗೆ ಒಪ್ಪಿಸಿದ ನೆನಪು. ಇನ್ನೊಂದು, ಮೂರೂ ಪ್ರತಿ ಒಂದೇ ಕಡೆ ಇಡಬೇಡಿ.

ದಿನಾ ಬರೆದದ್ದರಿಂದ ಸಿಕ್ಕ ಒಂದು ಎಳೆ ಹೇಳುತ್ತೇನೆ. ಎಡಗಡೆ ಪುಟಗಳಲ್ಲಿ ಅವರ ಮಾತನ್ನು ಅವರ ನುಡಿಯಲ್ಲೇ ಇಟ್ಟಿದ್ದೆ. ತಿರುವಿ ಹಾಕುವಾಗ ಕಣ್ಣಿಗೆ ಬಿತ್ತು: ಪಕ್ಕದ ಮನೆಯವರ ಬಗ್ಗೆ ಹೇಳುವಾಗ 'ಗುಳೆ ಹೋಗ್ಯಾರ', ತಮ್ಮ ಮನೆಯವರ ಬಗ್ಗೆ 'ದುಡಿಲಾಕ ಹೋಗ್ಯಾರ'. ಇಂಗ್ಲಿಷಿನ ಕರಡಿನಲ್ಲಿ ಎರಡಕ್ಕೂ ಮೈಗ್ರೇಶನ್ ಎಂಬ ಒಂದೇ ಪದ ಹಾಕಿ ಸಪಾಟು ಮಾಡಿದ್ದೆ. ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಈ ಎರಡು ಮಾತಿನ ನಡುವಿನ ಮಾನದ ಪ್ರಶ್ನೆಯ ಮೇಲೆ ನಿಂತಿತು. ಹಾಗಾಗಿ 'ಥೀಮ್‌ಗಳು ಹೊರಹೊಮ್ಮಿದವು' ಎಂಬ ವಾಕ್ಯ ಕಂಡರೆ ಕೆಂಪು ಪೆನ್ನು ಹಿಡಿಯುತ್ತೇನೆ. ಅವೇನು ಮಳೆಗಾಲದ ಅಣಬೆಯೇ? ಯಾವ ಮಾತನ್ನು ಯಾವುದರ ಪಕ್ಕ ಇಟ್ಟಿರಿ, ಯಾಕೆ ಇಟ್ಟಿರಿ, ಅದನ್ನು ಬರೆಯಿರಿ.

ಓದಿದ್ದನ್ನು ಬರೆಯುವಾಗ ಪುಸ್ತಕ ಮುಚ್ಚಿಡಿ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದೊಂದಿಗಿನ ಸಾಮ್ಯ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ ಅಂತ ಗೊತ್ತಾದದ್ದೇ ತಡ, ನಮ್ಮ ಹುಡುಗರು ಪದ ಬದಲಿಸಿ ಬದಲಿಸಿ ಆ ಗೆರೆಯ ಕೆಳಗೆ ನುಸುಳಲು ಪಡುವ ಪಾಡಿನಲ್ಲಿ ಅಧ್ಯಾಯವನ್ನೇ ಹೊಸದಾಗಿ ಬರೆಯಬಹುದು.

ಹೆಸರು ಬದಲಿಸಿದರೆ ಗುರುತು ಮುಚ್ಚಿತು ಅಂದುಕೊಳ್ಳಬೇಡಿ. 'ಅಂಗನವಾಡಿ ಸಹಾಯಕಿ, ಗಂಡ ಪುಣೆಯಲ್ಲಿ, ಮೂವರು ಹೆಣ್ಣುಮಕ್ಕಳು' ಎಂದು ಬರೆದಿದ್ದೆ. ಆ ಊರಿನ ಯಾವ ಮಗುವಾದರೂ ಮನೆ ತೋರಿಸುತ್ತಿತ್ತು.

ಕೆಮ್ಮಿನ ಮನೆಗೆ ಮುಂದಿನ ವರ್ಷ ಮತ್ತೆ ಹೋದೆ. ಆಕೆ ಹೊಲದಲ್ಲಿ ಒಬ್ಬಳೇ ಹತ್ತಿ ಬಿಡಿಸುತ್ತಿದ್ದಳು. ಫೋನ್ ತೆಗೆಯಲಿಲ್ಲ. ಬರ್ಕೊಳ್ಳಲೇನಕ್ಕಾ ಅಂತ ಕೇಳಿ ಅದೇ ಪ್ರಶ್ನೆ ಕೇಳಿದೆ. 'ಕಳಸ್ತಾರಕ್ಕಾ, ನನ್ನ ಕೈಗಿ ಬರಂಗಿಲ್ಲ' ಅಂದಳು. ಆ ಸಾಲಿನ ಮೇಲೆ ಬಸ್ ಸ್ಟ್ಯಾಂಡಿನ ಚಹಾದ ಕಲೆ ಇನ್ನೂ ಇದೆ.