ಅಟ್ಟದ ಜಂತೆ: ಕೀಸುಳಿ ತಿಂದ ಹತ್ತು ಮಿಲಿಮೀಟರ್

ಕೊನೆಗೂ ಜಂತೆ ಬಗ್ಗಿತು, ಅಂದರೆ ದಾರಿಗೆ ಬಂತು. ನಾನು ಕಟ್ಟುತ್ತಿರುವ ಅಟ್ಟದ ಕಂಬ, ಗೋಡೆ, ಆಧಾರಗಳೆಲ್ಲ ಎಂದಿನಂತೆ ಮುಗಿದಿವೆ. ತಲೆ ತಿಂದದ್ದು 3.6 ಮೀಟರ್ ಅಂತರ ದಾಟಬೇಕಾದ ಅಟ್ಟದ ಜಂತೆ ಮಾತ್ರ.

ಮುರಿಯುವ ಭಯ ಯಾವ ವಸ್ತುವಿನಲ್ಲೂ ಇರಲಿಲ್ಲ, ಬಾಗುವುದೇ ತೊಂದರೆ. ಬಾಗು ಅಂತರದ 360ರಲ್ಲಿ ಒಂದು ಭಾಗ ಮೀರಬಾರದು ಎಂಬ ಮಿತಿ ಇಟ್ಟುಕೊಂಡರೆ ಸಿಗುವುದು 10 ಮಿ.ಮೀ. ಜಂತೆಯ ಮೇಲೆ ಮೀಟರಿಗೆ 150 ಕಿಲೋ ಭಾರ ಹಿಡಿದು ಲೆಕ್ಕ ಹಾಕಿದೆ. 100×50×3 ಮಿ.ಮೀ.ನ ಚೌಕಟ್ಟು ಉಕ್ಕಿನ ಪೈಪನ್ನು 100ರ ಬದಿ ಎತ್ತರಕ್ಕೆ ಬರುವಂತೆ ಇಟ್ಟರೂ ಸುಮಾರು 15 ಮಿ.ಮೀ. ಬಾಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ 42! ವಸ್ತುವಿನ ಬಿಗಿತವನ್ನು ಅಳೆಯುವ ಯಂಗ್ ಮಾಡ್ಯುಲಸ್ ಉಕ್ಕಿನದು 200 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂನದು 70, ಇನ್ನೇನಾದೀತು? “ಹೆಚ್ಚು ಬಲದ ಉಕ್ಕು ಹಾಕಿ, ಬಾಗುವುದೇ ಇಲ್ಲ” ಎಂದ ವ್ಯಾಪಾರಿಗೆ ದೊಡ್ಡ ನಮಸ್ಕಾರ. ದರ್ಜೆ ಏರಿದರೆ ಬಲ ಏರುತ್ತದೆ, ಬೆಲೆಯೂ ಏರುತ್ತದೆ. ಆ 200 ಇದ್ದಲ್ಲೇ ಇರುತ್ತದೆ.

ಮರದ ಮಾಡ್ಯುಲಸ್ ಬರೀ 10 ಎಂದುಕೊಂಡರೂ 50×200ರ ತೊಲೆಯ ಬಾಗು 10ರ ಒಳಗೇ ನಿಲ್ಲುತ್ತದೆ. ತೂಕ ಮೀಟರಿಗೆ 6 ಕಿಲೋ, ಪೈಪಿನದು 6.8. ಎತ್ತರದ ಘನಕ್ಕೆ ತಕ್ಕಂತೆ ಬಿಗಿತ ಏರುವುದರಿಂದ ಹಗುರವಾದ ಮರಕ್ಕೆ ಎತ್ತರ ಕೊಡುವುದು ಸುಲಭ. ಹಿಗ್ಗಿ ಮರವನ್ನೇ ತರಿಸಿದೆ.

ಬಂದದ್ದು 45×190. ಕೇಳಿದರೆ, “ಕೀಸುವ ಮೊದಲು ಅಷ್ಟೇ ಇತ್ತು” ಎಂಬ ಉತ್ತರ. ಊಟದ ಎಲೆಯಿಂದ ಹೋಳಿಗೆ ತೆಗೆದುಕೊಂಡು ಬಡಿಸುವಾಗ ಇತ್ತು ಎಂದ ಹಾಗೆ. ಕಣ್ಣಿಗೆ ಸಣ್ಣ ವ್ಯತ್ಯಾಸ, ಲೆಕ್ಕದಲ್ಲಿ 23 ಶೇಕಡಾ ಬಿಗಿತ ಮಾಯ, ಬಾಗು 13 ಮಿ.ಮೀ. ಜತೆಗೆ ಮರ ಇನ್ನೂ ಹಸಿ. ಹಸಿ ಮರಕ್ಕೆ ಸದಾ ಭಾರ ಹೊರಿಸಿದರೆ ಬಾಗು ವರ್ಷಗಳಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಹೀಗಾಗಿ ಮೊದಲು ಒಣಗಲು ಬಿಟ್ಟೆ.

ಆ ಬಿಡುವಿನಲ್ಲಿ ಮನಸ್ಸು ಮುಂದೆ ಕಟ್ಟಬೇಕೆಂದಿರುವ ಬಿದಿರಿನ ಕಾಲುಸೇತುವೆಗೆ ಹಾರಿತು. ಎಳೆತಕ್ಕೆ ಬಿದಿರು ಗಟ್ಟಿ, ಕೀಲಿನಲ್ಲಿ ಮಾತ್ರ ಉದ್ದಕ್ಕೆ ಸೀಳುತ್ತದೆ. ಬೋಲ್ಟ್ ಹಾದುಹೋಗುವ ಗೆಣ್ಣುಗಳ ನಡುವಿನ ಟೊಳ್ಳಿಗೆ ಗಾರೆ ತುಂಬುವ ಉಪಾಯವಿದೆ. ಅದು ಮಳೆಗಾಲ ಮುಗಿದ ಮೇಲೆ.

ಜಂತೆಗೆ ಮರಳೋಣ. ಒಣಗಿದ ಮರವನ್ನು ಉದ್ದಕ್ಕೆ ಎರಡಾಗಿ ಸೀಳಿ, ನಡುವೆ 3×180ರ ಉಕ್ಕಿನ ಪಟ್ಟಿ ಇಟ್ಟು, ಬೋಲ್ಟುಗಳನ್ನು ಮೇಲೊಂದು ಕೆಳಗೊಂದು ಎಂದು ಹೊರಳಿಸಿ ಬಿಗಿದೆ. ಪಟ್ಟಿಯನ್ನು ಎರಡೂ ಅಂಚಿನಿಂದ 5 ಮಿ.ಮೀ. ಒಳಗೆ ಇಟ್ಟದ್ದು ಬೇಕೆಂದೇ: ಮರ ಇನ್ನೂ ಕುಗ್ಗಿದರೆ ಉಕ್ಕು ಹೊರಬಂದು ಹಲಗೆಯನ್ನು ಎತ್ತಬಾರದು. ಪಟ್ಟಿ ಪಕ್ಕಕ್ಕೆ ಮಡಚದಂತೆ ಮರ ಹಿಡಿಯುತ್ತದೆ, ಮರ ಬಾಗದಂತೆ ಪಟ್ಟಿ ಹಿಡಿಯುತ್ತದೆ. ಲೆಕ್ಕದ ಬಾಗು 6ರ ಆಸುಪಾಸು. ಪೂರ್ತಿ ಭಾರದ ಅರ್ಧದಷ್ಟು ಮರಳ ಚೀಲ ಹೇರಿ ನೋಡಿದೆ: 3ಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಜಂತೆಗಳಿಗೂ ಇದೇ ಕ್ರಮ. ಉಕ್ಕಿನ ಪಟ್ಟಿಗೆ ತೂತು ಹಾಕುವಾಗ ಡ್ರಿಲ್ ಬಿಟ್ಟುಗಳು ಮೊಂಡಾಗುತ್ತಿವೆ. ಹೊಸವನ್ನು ಆ ವ್ಯಾಪಾರಿಯ ಬಳಿ ಮಾತ್ರ ತರುವುದಿಲ್ಲ.