ಲ್ಯಾಬೇ ಇಲ್ಲ ಅಂದ್ರ ಇತಿಹಾಸ ಜ್ಞಾನ ಹ್ಯಾಂಗ ಆಗ್ತದ?

ಕಲಬುರಗಿಯ ವಿಜ್ಞಾನ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಹುಡುಕಲು ಯಾದಗಿರಿ ಜಿಲ್ಲೆಯ ಬೂದಿಹಾಳದತ್ತ ನೋಡಬೇಕು. ಹೆಸರಿನಲ್ಲೇ ಬೂದಿ ಇದೆ.

ಅಲ್ಲಿರುವುದು ನವಶಿಲಾಯುಗದ ಬೂದಿದಿಬ್ಬ. ಇಂಥ ದಿಬ್ಬಗಳನ್ನು 19ನೇ ಶತಮಾನದಲ್ಲಿ ಕೆಲವರು ಜ್ವಾಲಾಮುಖಿಯ ಕೆಲಸ ಎಂದರು. ಜನಪದರ ಬಾಯಲ್ಲಿ ರಾಕ್ಷಸರನ್ನು ಸುಟ್ಟ ಜಾಗ. 1960ರಲ್ಲಿ ಪುರಾತತ್ವ ವಿಜ್ಞಾನಿ ಝಾಯ್ನರ್ ಬಳ್ಳಾರಿ ಕಡೆಯ ಮಾದರಿಗಳನ್ನು ಪರೀಕ್ಷಿಸಿ, ಇದು ಸುಟ್ಟ ಸಗಣಿ ಎಂದು ತೋರಿಸಿದರು. ಸಗಣಿಯಲ್ಲಿ ಹುಲ್ಲಿನ ಸಿಲಿಕಾ ಇರುತ್ತದೆ. ಒಲೆಗೆ ಹಾಕಿದ ಕುಳ್ಳು ಪುಡಿಬೂದಿಯಾಗುತ್ತದೆ. ರಾಶಿಗೇ ಬೆಂಕಿ ಹತ್ತಿ ಒಳಗೆ ಕಾವು ಏರಿದರೆ ಸಿಲಿಕಾ ಕರಗಿ ಕಿಟ್ಟದಂತೆ ಗಟ್ಟಿಯಾಗುತ್ತದೆ. ಜ್ವಾಲಾಮುಖಿಯ ಭ್ರಮೆ ಹುಟ್ಟಿಸಿದ್ದು ಇದೇ ಕಿಟ್ಟ.

ಇಲ್ಲಿತನಕ ಲ್ಯಾಬ್ ಸಾಕು. ಸುಟ್ಟದ್ದು ಯಾಕೆ? ಪುರಾತತ್ವಜ್ಞ ಆಲ್ಚಿನ್ ಹೋಳಿ, ಸಂಕ್ರಾಂತಿಯ ಬೆಂಕಿಗಳನ್ನು ನೆನೆದು, ದನಗಾಹಿಗಳ ಆಚರಣೆ ಎಂದರು. ನೊಣ, ರೋಗಗಳ ಕಾಟ ತಪ್ಪಿಸಲು ಸುಟ್ಟರು ಎಂದೂ ಹೇಳಬಹುದು. ತೊಡಕೆಂದರೆ, ಎರಡು ಕಾರಣಕ್ಕೂ ಬೆಂಕಿ ಮರಳಿ ಮರಳಿ ಬೀಳುತ್ತದೆ. ಒಂದೇ ಬೂದಿ ಪದರ ಎರಡೂ ವಾದಗಳ ಪರವಾಗಿ ಸಾಕ್ಷಿ ಹೇಳುತ್ತದೆ. ಆಗ ಸಾಕ್ಷಿಯನ್ನು ಬೇರೆಡೆ ಹುಡುಕಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಬೂದಿಹಾಳದಲ್ಲಿ ದಿಬ್ಬದ ಪಕ್ಕದ ನೆಲವನ್ನೂ ಅಗೆದಾಗ ಮನೆಗಳ ಕುರುಹು ಸಿಕ್ಕವು, ದನ ಕಡಿದು ಮಾಂಸ ಮಾಡಿದ ನೆಲವೂ ಸಿಕ್ಕಿತು. ಇಂಥ ದಿಬ್ಬಗಳ ಜಾಗ ಜನ ನೆಲೆಸದ ಬರೀ ದನದ ದೊಡ್ಡಿ ಎಂಬ ವಾದವೂ ಇತ್ತು; ಅದು ಅಲ್ಲಿ ನಿಲ್ಲಲಿಲ್ಲ. ಲ್ಯಾಬಿಲ್ಲದೆಯೂ ಊಹೆ ಸೋಲುತ್ತದೆ!

ಮನುಷ್ಯ ನಿಸರ್ಗದ ಭಾಗ, ಆದ್ದರಿಂದ ಅವನ ಕುರಿತ ಅರಿವೂ ನಿಸರ್ಗವಿಜ್ಞಾನದ ದಾರಿಯಲ್ಲೇ ನಡೆಯಬೇಕು ಎನ್ನುವುದು ನಿಸರ್ಗವಾದ. ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಅಮೆರಿಕದ ತತ್ವಜ್ಞಾನಿ ಕ್ವೈನ್ 1969ರಲ್ಲಿ ಇನ್ನೂ ಮುಂದೆ ಹೋಗಿ, ಜ್ಞಾನಮೀಮಾಂಸೆಯನ್ನು, ಅಂದರೆ ಅರಿವು ಹೇಗೆ ಬರುತ್ತದೆ, ಯಾವಾಗ ಸರಿ ಎಂಬ ವಿಚಾರವನ್ನು, ಮನೋವಿಜ್ಞಾನದ ಒಂದು ಅಧ್ಯಾಯ ಮಾಡಿದರು. ಬೂದಿ ಕಂಡವನಿಗೆ ಹೋಳಿ ಯಾಕೆ ನೆನಪಾಗುತ್ತದೆ ಎಂಬುದನ್ನು ಮನೋವಿಜ್ಞಾನ ಹೇಳೀತು. ಆ ನೆನಪನ್ನು ಸುಮಾರು 4,000 ವರ್ಷ ಹಿಂದಕ್ಕೆ ಒಯ್ಯುವುದು ಸರಿಯೇ? ಅದಕ್ಕೆ ಉತ್ತರ ಬೇರೆ ಕಡೆಯಿಂದ ಬರಬೇಕು.

ಅದಕ್ಕೇ ಅಗೆತದ ದಾಖಲೆಯಲ್ಲಿ ಕಂಡದ್ದು ಬೇರೆ, ಊಹಿಸಿದ್ದು ಬೇರೆ ಇರಬೇಕು. ಪದರದ ನಕ್ಷೆಯಲ್ಲಿ ಬಣ್ಣ, ದಪ್ಪ, ಗಡಸುತನ ಬರೆಯಿರಿ. "ಹಬ್ಬದ ಬೂದಿ" ಎಂದು ಬರೆಯಬೇಡಿ. ಅಗೆದ ಪದರವನ್ನು ಮತ್ತೆ ಜೋಡಿಸಲಾಗದು. ಎಷ್ಟೋ ದಿಬ್ಬಗಳ ಬೂದಿ ಆಗಲೇ ಗೊಬ್ಬರವಾಗಿ ಹೊಲ ಸೇರಿದೆ.