ಕವಳೆ ಹಣ್ಣಿನ ಕಡುಬು

ಇವತ್ತು ನಮ್ಮನೇಲಿ ಕವಳೆ ಹಣ್ಣಿನ ಕಡುಬು!

ದೇವರಾಯನದುರ್ಗದ ರಸ್ತೇಲಿ ಒಬ್ಬ ಅಜ್ಜಿ ಈ ಪುಟ್ಟ ಕಾಡುಹಣ್ಣನ್ನ ಪಾವಲ್ಲಿ ಅಳೆದು ಮಾರ್ತಿದ್ರು. "ಕಪ್ಪಗಿರೋವೇ ಆರಿಸ್ಕಳವ್ವ, ಕೆಂಪಗಿರೋವು ಹುಳಿ" ಅಂತ ಹೇಳಿ ಮೇಲೊಂದು ಹಿಡಿ ಕೊಸರೂ ಹಾಕಿದ್ರು.

ಕೈಗೆ ತುಪ್ಪ ಸವರಿಕೊಂಡೇ ಹಣ್ಣು ಬಿಡಿಸಬೇಕು. ಇಲ್ಲಾಂದ್ರೆ ಅದರ ಹಾಲು ಬೆರಳಿಗೆ ಅಂಟಿದ್ದು ಸೋಪಿಗೂ ಜಗ್ಗಲ್ಲ. ಬೀಜ ತೆಗೆದು, ಬೆಲ್ಲ, ಕಾಯಿತುರಿ ಜೊತೆ ಬಾಣಲೆಗೆ ಹಾಕಿದ್ರೆ ಮೊದಲು ಎಲ್ಲ ನೀರು ನೀರು. ಹುರಿಗಡಲೆ ಪುಡಿ ಬಿದ್ದ ಮೇಲೇ ಹೂರಣ ಹದಕ್ಕೆ ಬರೋದು. ಅಕ್ಕಿಹಿಟ್ಟು ಉಕ್ಕರಿಸಿ, ತಟ್ಟಿ, ತುಂಬಿ, ಇಡ್ಲಿ ಪಾತ್ರೇಲಿ ಹಬೆಗಿಟ್ಟೆ. ಮುಚ್ಚಳ ತೆಗೆದಾಗ ನೋಡ್ಬೇಕಿತ್ತು, ಬಿಳೀ ಕಡುಬಿನ ಹೊಟ್ಟೇಲಿ ನೇರಳೆ ಬಣ್ಣ ಹೊರಗೇ ಕಾಣ್ತಿತ್ತು. ಕಚ್ಚಿದ್ರೆ ಮೊದಲು ಬೆಲ್ಲ, ಹಿಂದೇನೇ ಆ ಹುಳಿ. ಕಡಲೆಬೇಳೆ ಹೂರಣಕ್ಕೆ ಈ ರುಚಿ ಎಲ್ಲಿಂದ ಬರಬೇಕು ಹೇಳಿ.

ಯಾರೂ ನೆಡದೆ, ನೀರು ಹಾಕದೆ ಹೊಲದ ಬೇಲೀಲಿ ತಾನಾಗೇ ಬೆಳೆಯೋ ಮುಳ್ಳಿನ ಪೊದೆ ಇದು. ಈಗ ಎಲ್ಲಿ ನೋಡಿದ್ರೂ ಕಲ್ಲುಕಂಬ, ತಂತಿ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಊರಲ್ಲಿ ಜಮೀನಿರೋ ಸ್ನೇಹಿತರೇ, ಜೆಸಿಬಿ ಕರೆಸೋ ಮುಂಚೆ ಒಂದು ಮೂಲೇಲಿ ಎರಡು ಪೊದೆ ಉಳಿಸಿ. ಹಣ್ಣು ಬಿಡಿಸೋಕೆ ನಾನೇ ಬರ್ತೀನಿ, ಕಡುಬೂ ಮಾಡ್ಕೊಡ್ತೀನಿ.